ತೆರೆಯ ಮೇಲಿನ ಪಾಠ, ಕೌಂಟರಿನ ಮೇಲಿನ ಮದ್ದು



ದತ್ತಿ ಉಪನ್ಯಾಸ ಎಂದರೆ ಪಂಪನೋ ಬಸವಣ್ಣನೋ ಮಾಸ್ತಿಯವರೋ ಇರುತ್ತಾರೆ ಎಂದು ಬಂದು ಕೂತವರಿಗೆ ಫಾರ್ಮಸಿ ಕಾಲೇಜಿನ ಪಾಠದ ವಿಷಯ ಸಪ್ಪೆ ಎನಿಸಬಹುದು. ಆದರೆ ಬೆಳಿಗ್ಗೆ ಬಿ.ಪಿ.ಗೋ ಶುಗರ್‌ಗೋ ಒಂದು ಮಾತ್ರೆ ನುಂಗಿಯೇ ಮನೆಯಿಂದ ಹೊರಟವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಆ ಮಾತ್ರೆಯನ್ನು ಕತ್ತರಿಸಿ ಕವರಿಗೆ ಹಾಕಿಕೊಟ್ಟ ಹುಡುಗ ಏನು ಓದಿದ, ಎಲ್ಲಿ ನೋಡಿ ಓದಿದ ಎಂಬುದು ನಿಮಗೆ ಸಂಬಂಧಪಟ್ಟ ವಿಷಯವೇ. ಇವತ್ತು ಅವನ ಓದಿನ ಬಹುಪಾಲು ನಡೆಯುವುದು ಫೋನಿನಲ್ಲಿ. ಅದನ್ನು ನಿಂದಿಸಲು ನಾನು ಬಂದಿಲ್ಲ. ಫಾರ್ಮಕಾಲಜಿ ಕಲಿಸಿ ನಿವೃತ್ತನಾದವನು ನಾನು. ಅಂತರ್ಜಾಲ ಬರುವುದಕ್ಕೆ ಮುಂಚಿನ ಲ್ಯಾಬನ್ನೂ ಬಂದ ಮೇಲಿನ ಲ್ಯಾಬನ್ನೂ ಕಂಡಿದ್ದೇನೆ. ಅಂತರ್ಜಾಲದಲ್ಲಿ ಸಿಗುವ ಪಾಠಸಾಮಗ್ರಿ ಎಲ್ಲಿ ನಿಜಕ್ಕೂ ಕೆಲಸಕ್ಕೆ ಬಂತು, ಎಲ್ಲಿ ಕೈಕೊಟ್ಟಿತು, ಹೊಸೂರಿನ ಈ ಗಡಿಸೀಮೆಯ ಮಕ್ಕಳು ಅದಕ್ಕೆ ಏನನ್ನು ಸೇರಿಸಬಲ್ಲರು ಎಂಬುದಷ್ಟೇ ನನ್ನ ಮಾತು.

ಸ್ವಲ್ಪ ಹಿನ್ನೆಲೆ. ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯದ ಮಟ್ಟದ ಫಾರ್ಮಸಿ ಶಿಕ್ಷಣವನ್ನು 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದವರು ಮಹಾದೇವ ಲಾಲ್ ಶ್ರಾಫ್. ಫಾರ್ಮಸಿ ಕಾಯಿದೆ ಬಂದದ್ದು 1948ರಲ್ಲಿ. ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು 1964ರದು, ಮೈಸೂರಿನಲ್ಲಿ ಸುತ್ತೂರು ಮಠದ ಸಂಸ್ಥೆ ನಡೆಸುವ ಜೆಎಸ್‌ಎಸ್ ಕಾಲೇಜು 1973ರದು. ಅದೇ ಸಂಸ್ಥೆ 1980ರಲ್ಲಿ ಊಟಿಯಲ್ಲೂ ಒಂದು ಫಾರ್ಮಸಿ ಕಾಲೇಜು ತೆರೆಯಿತು. ಕನ್ನಡ ನಾಡಿನ ಮಠವೊಂದು ತಮಿಳುನಾಡಿನ ಬೆಟ್ಟದ ಮೇಲೆ ಔಷಧ ವಿಜ್ಞಾನ ಕಲಿಸುತ್ತಿದೆ. ಗಡಿ ಎಂಬುದು ಓದಿಗೆ ಅಷ್ಟೇನೂ ಅಡ್ಡ ಬರುವುದಿಲ್ಲ ಎನ್ನಲು ಇದೊಂದು ಸಾಕ್ಷಿ. ಹೊಸೂರಿನ ಮಕ್ಕಳಿಗೆ ಇದನ್ನು ಹೇಳಬೇಕಾಗಿಲ್ಲ. ಒಂದಷ್ಟು ಜನ ಬೆಳಿಗ್ಗೆ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗುತ್ತಾರೆ, ಇನ್ನೊಂದಷ್ಟು ಜನ ಧರ್ಮಪುರಿ, ಸೇಲಂ ಕಡೆಗೆ ಬಸ್ ಹತ್ತುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಇ-ಪಾಸ್ ಕೇಳತೊಡಗಿದಾಗ ಇವರಿಗೆಲ್ಲ ಕಾಲೇಜು ಫೋನಿನೊಳಕ್ಕೇ ಬಂದುಬಿಟ್ಟಿತು. ಅಂಚೆಟ್ಟಿ ಕಡೆಯ ಹುಡುಗರು ಸಿಗ್ನಲ್ ಹುಡುಕಿಕೊಂಡು ದಿಣ್ಣೆ ಹತ್ತಿದ ಕತೆ ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಆದರೆ ಫಾರ್ಮಸಿಯಲ್ಲಿ ತೆರೆಯ ಮೇಲಿನ ಪಾಠ ಕೊರೋನಾ ತಂದದ್ದಲ್ಲ. ಅದಕ್ಕೂ ಮೊದಲೇ ಅದು ಪಠ್ಯಕ್ರಮದ ಒಳಗೇ ಬಂದು ಕೂತಿತ್ತು. ಬಂದದ್ದು ಪ್ರಾಣಿಗಳ ದೆಸೆಯಿಂದ.

ನಾನು ಓದುವಾಗ ಫಾರ್ಮಕಾಲಜಿ ಲ್ಯಾಬ್ ಎಂದರೆ ಕೈಮೋಗ್ರಾಫ್. ಸೀಮೆಎಣ್ಣೆ ದೀಪದ ಹೊಗೆಯಲ್ಲಿ ಮಸಿ ಹಿಡಿಸಿದ ಹೊಳಪು ಕಾಗದವನ್ನು ಒಂದು ಡ್ರಮ್ಮಿಗೆ ಸುತ್ತುತ್ತಿದ್ದೆವು. ಗಿನಿಪಿಗ್‌ನ ಸಣ್ಣಕರುಳಿನ ಎರಡು ಮೂರು ಸೆಂಟಿಮೀಟರ್ ತುಂಡನ್ನು 37 ಡಿಗ್ರಿಯ ಟೈರೋಡ್ ದ್ರಾವಣದಲ್ಲಿ ತೂಗುಹಾಕಿ, ಅದರ ಒಂದು ತುದಿಯ ದಾರವನ್ನು ಕಡ್ಡಿಗೆ ಕಟ್ಟಬೇಕು. ಅರ್ಧ ಗಂಟೆ ಕರುಳು ಸುಧಾರಿಸಿಕೊಳ್ಳಲು ಬಿಡಬೇಕು. ಆಮೇಲೆ ಹಿಸ್ಟಮಿನ್ ಒಂದು ಹನಿ. ಕರುಳು ಮುದುಡಿತೆಂದರೆ ಕಡ್ಡಿ ಮೇಲೇರಿ ಮಸಿಯ ಮೇಲೆ ಬಿಳಿ ಗೆರೆ ಎಳೆಯುತ್ತದೆ. ತೊಳೆ, ಕಾಯಿ, ಡೋಸ್ ಇಮ್ಮಡಿ ಮಾಡು, ಮತ್ತೆ ಹಾಕು. ಕೊನೆಗೆ ಕಾಗದವನ್ನು ಅರಗಿನ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ ರೆಕಾರ್ಡಿಗೆ ಅಂಟಿಸುವಷ್ಟರಲ್ಲಿ ಕೋಟು, ಮೂಗು, ಉಗುರು ಎಲ್ಲ ಕಪ್ಪು. ಹತ್ತು ಬ್ಯಾಚಿನಲ್ಲಿ ನಾಲ್ಕಕ್ಕೆ ಗ್ರಾಫ್ ಬಂದರೆ ಅದೇ ದೊಡ್ಡದು. ದಾರ ಸಡಿಲ, ಗಾಳಿಯ ಗುಳ್ಳೆ ನಿಂತಿತು, ನೀರು ಆರಿತು, ಕರುಳೇ ದಣಿಯಿತು, ಕಾರಣಕ್ಕೇನೂ ಬರವಿರಲಿಲ್ಲ. ಗ್ರಾಫ್ ಬರದವರು ಬಂದವರದನ್ನು ನೋಡಿ ಬರೆದುಕೊಳ್ಳುತ್ತಿದ್ದರು. ಪ್ರಾಣಿ ಮಾತ್ರ ಎಲ್ಲ ಬ್ಯಾಚಿನಲ್ಲೂ ಸಾಯುತ್ತಿತ್ತು.

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿ ಮೊದಲೇ ಇತ್ತು. ವರ್ಷ ಕಳೆದಂತೆ ಅದರ ಹಿಡಿತ ಬಿಗಿಯಾಯಿತು. ಭಾರತೀಯ ಫಾರ್ಮಸಿ ಕೌನ್ಸಿಲ್ 2014ರ ಬಿ.ಫಾರ್ಮ್ ನಿಯಮಾವಳಿಗೆ ಅನುಗುಣವಾಗಿ ತಂದ ಪಠ್ಯಕ್ರಮದಲ್ಲಿ, ಫಾರ್ಮಕಾಲಜಿ ಪ್ರಾಯೋಗಿಕದ ಪಟ್ಟಿಯ ಕೆಳಗೆ ಒಂದೇ ಸಾಲಿನ ಟಿಪ್ಪಣಿ ಹಾಕಿತು: ಪ್ರಾಣಿ ಪ್ರಯೋಗಗಳನ್ನೆಲ್ಲ ತಂತ್ರಾಂಶ ಮತ್ತು ವಿಡಿಯೋಗಳ ಮೂಲಕ ತೋರಿಸಬೇಕು. ಅಲ್ಲಿಗೆ ಕೈಮೋಗ್ರಾಫ್‌ಗಳು ಬೀರು ಸೇರಿದವು. ಪುದುಚೇರಿಯ ಜಿಪ್ಮರ್‌ನಲ್ಲಿ ರವೀಂದ್ರನ್ ಅವರು ರೂಪಿಸಿದ ಎಕ್ಸ್‌ಫಾರ್ಮ್, ಸ್ಕಾಟ್ಲೆಂಡಿನ ಸ್ಟ್ರ್ಯಾತ್‌ಕ್ಲೈಡ್ ವಿಶ್ವವಿದ್ಯಾಲಯದ ಜಾನ್ ಡೆಂಪ್‌ಸ್ಟರ್ ಅವರ ಆರ್ಗನ್ ಬಾತ್ ಸಿಮ್ಯುಲೇಷನ್, ಇಂಥವು ಲ್ಯಾಬಿನ ಕಂಪ್ಯೂಟರಿಗೆ ಬಂದವು.

ಇದನ್ನು ನಷ್ಟ ಎಂದು ಗೊಣಗುವ ಹಿರಿಯ ಮೇಷ್ಟ್ರುಗಳು ಬಹಳ ಇದ್ದಾರೆ. ನಾನು ಆ ಗುಂಪಿನವನಲ್ಲ. ಬಿ.ಫಾರ್ಮ್ ಹುಡುಗನಿಗೆ ಬೇಕಾದದ್ದು ಕರುಳು ಕಟ್ಟುವ ಕೈಚಳಕವಲ್ಲವಲ್ಲ. ಡೋಸ್ ಏರಿದಂತೆ ಪರಿಣಾಮ ಏರುತ್ತದೆ, ಒಂದು ಹಂತ ದಾಟಿದ ಮೇಲೆ ಏರುವುದಿಲ್ಲ, ಪೈಪೋಟಿಗಿಳಿಯುವ ತಡೆಮದ್ದು ಇದ್ದಾಗ ಇಡೀ ವಕ್ರರೇಖೆ ಬಲಕ್ಕೆ ಸರಿಯುತ್ತದೆ ಎಂಬುದನ್ನು ಅವನು ಕಣ್ಣಾರೆ ಕಾಣಬೇಕು. ಇದನ್ನು ತೆರೆ ಚೆನ್ನಾಗಿ ತೋರಿಸುತ್ತದೆ. ಹತ್ತು ಸಲ ಬೇಕಾದರೂ ತೋರಿಸುತ್ತದೆ, ರಾತ್ರಿ ಹಾಸ್ಟೆಲಿನಲ್ಲೂ ತೋರಿಸುತ್ತದೆ. ಬ್ಯಾಚಿನಲ್ಲಿ ಹಿಂದೆ ನಿಂತು ಏನೂ ಕಾಣದೆ ಹೋಗುತ್ತಿದ್ದ ಹುಡುಗಿಗೆ ಈಗ ಅದು ತನ್ನದೇ ಕೈಯಲ್ಲಿದೆ.

ಹೋದದ್ದು ಬೇರೊಂದು. ಪ್ರಯೋಗ ಕೆಡುವುದನ್ನು ನೋಡುವ ಅಭ್ಯಾಸ ಹೋಯಿತು. ಬಟನ್ ಒತ್ತಿದರೆ ಗೆರೆ ಬಂದೇ ಬರುತ್ತದೆ. ಅದಕ್ಕೇ ನಾನು ಕೊನೆಯ ವರ್ಷಗಳಲ್ಲಿ ತರಗತಿಗೆ ಕೆಟ್ಟ ಗ್ರಾಫ್‌ಗಳನ್ನು, ಬೀರುವಿನಲ್ಲಿ ಉಳಿದಿದ್ದ ಹಳೆಯ ಮಸಿಕಾಗದಗಳನ್ನು, ಒಯ್ಯುತ್ತಿದ್ದೆ. ಸಿಮ್ಯುಲೇಷನ್ ಮುಗಿದ ಮೇಲೆ ಒಂದೊಂದನ್ನು ಕೈಗೆ ಕೊಟ್ಟು, ಇಲ್ಲಿ ಏನು ತಪ್ಪಿದೆ ಹೇಳಿ ಎಂದು ಕೇಳುವುದು. ಮೂರನೇ ಡೋಸಿಗೆ ಗೆರೆ ಎರಡನೆಯದಕ್ಕಿಂತ ಗಿಡ್ಡ ಏಕೆ ಬಂತು ಎಂದು ಅರ್ಧ ಗಂಟೆ ಜಗಳಾಡುವ ತರಗತಿ ಕಲಿಯುತ್ತಿದೆ ಎಂದೇ ಅರ್ಥ. ಖರ್ಚಿಲ್ಲ, ಪ್ರಾಣಿಯೂ ಬೇಡ. ಯಾವ ಕಾಲೇಜು ಬೇಕಾದರೂ ಮಾಡಬಹುದು.

ಇನ್ನು ಔಷಧದ ಮಾಹಿತಿಯ ವಿಷಯ. ಸಂಕಟ ಶುರುವಾಗುವುದು ಇಲ್ಲಿ. ವೈದ್ಯಕೀಯ ಲೇಖನಗಳ ಸೂಚಿ ಪಬ್‌ಮೆಡ್ 1997ರಿಂದ ಜಗತ್ತಿಗೆಲ್ಲ ಬಿಟ್ಟಿ. ಅಮೆರಿಕದಲ್ಲಿ ಮಾರುವ ಔಷಧಗಳ ಪೂರ್ತಿ ಲೇಬಲ್ ಡೈಲಿಮೆಡ್‌ನಲ್ಲಿದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2006ರಲ್ಲಿ ತೆರೆದ ಡ್ರಗ್‌ಬ್ಯಾಂಕ್‌ನಲ್ಲಿ ಅಣುವಿನ ರಚನೆಯಿಂದ ಹಿಡಿದು ಅದು ಯಾವ ಮದ್ದಿನ ಜತೆ ಕಾದಾಡುತ್ತದೆ ಎಂಬುದರವರೆಗೆ ಎಲ್ಲವೂ ಉಂಟು. ನಾವು ಹಳೆಯ ಆವೃತ್ತಿಯ ಒಂದೇ ಒಂದು ಪುಸ್ತಕಕ್ಕೆ ಲೈಬ್ರರಿಯಲ್ಲಿ ಸರದಿ ನಿಲ್ಲುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಸಂಪತ್ತೇ ಸರಿ. ಆದರೆ ಹೊಸೂರು ಬಸ್ ನಿಲ್ದಾಣದ ಎದುರಿನ ಯಾವ ಮೆಡಿಕಲ್ ಸ್ಟೋರಿಗಾದರೂ ಹೋಗಿ, ಕಪಾಟಿನಿಂದ ಹತ್ತು ಸ್ಟ್ರಿಪ್ ತೆಗೆದು, ಅವನ್ನು ಈ ತಾಣಗಳಲ್ಲಿ ಹುಡುಕಿ ನೋಡಿ. ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೊಫೆನ್ ಆಗಿರುತ್ತದೆ. ಅದೇನೋ ಒಮ್ಮೆ ಹೇಳಿಕೊಟ್ಟರೆ ತಿಳಿಯುತ್ತದೆ. ನಿಮೆಸುಲೈಡ್? ಅದಕ್ಕೆ ಅಮೆರಿಕದಲ್ಲಿ ಎಂದೂ ಅನುಮತಿ ಸಿಗಲೇ ಇಲ್ಲ, ಹಾಗಾಗಿ ಲೇಬಲ್ಲೂ ಇಲ್ಲ. ನಮ್ಮಲ್ಲಿ 2011ರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬಾರದೆಂದು ನಿಷೇಧಿಸಿದರು. ಅಮೆರಿಕದ ತಾಣವೊಂದನ್ನೇ ನೆಚ್ಚಿಕೊಂಡ ಹುಡುಗನಿಗೆ ಈ ನಿಷೇಧವೂ ಗೊತ್ತಾಗುವುದಿಲ್ಲ, ಅದರ ಕಾರಣವೂ ಗೊತ್ತಾಗುವುದಿಲ್ಲ.

ನಮ್ಮ ಕಪಾಟಿನ ಇನ್ನೊಂದು ವೈಶಿಷ್ಟ್ಯ, ಎರಡು ಮೂರು ಮದ್ದನ್ನು ಒಂದೇ ಮಾತ್ರೆಯಲ್ಲಿ ಒತ್ತಿಟ್ಟ ಸಂಯೋಜನೆಗಳು. ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ಇಂಥ 344 ಸಂಯೋಜನೆಗಳನ್ನು ನಿಷೇಧಿಸಿತು. ಕೋರ್ಟು, ಸಮಿತಿ ಎಲ್ಲ ಮುಗಿದು 2018ರ ಸೆಪ್ಟೆಂಬರ್‌ನಲ್ಲಿ 328ಕ್ಕೆ ಮತ್ತೆ ನಿಷೇಧದ ಆದೇಶ ಹೊರಟಿತು. ಕೆಮ್ಮು, ನೆಗಡಿ, ಮೈಕೈ ನೋವಿಗೆ ಜನ ದಿನನಿತ್ಯ ಕೇಳಿ ಪಡೆಯುತ್ತಿದ್ದಂಥ ಮದ್ದುಗಳೂ ಅದರಲ್ಲಿದ್ದವು. ಈ ಪಟ್ಟಿ ಸಿಗುವುದು ನಮ್ಮ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಜಾಲತಾಣದಲ್ಲಿ. ಓದಲು ಹಿತವಾದ ತಾಣವಲ್ಲ ಅದು. ಸ್ಕ್ಯಾನ್ ಮಾಡಿದ ಗೆಜೆಟ್ ಪುಟಗಳು, ಓರೆಯಾದ ಅಕ್ಷರ. ಆದರೂ ಅದನ್ನು ಓದಲು ಕಲಿಸದೆ ಬಣ್ಣಬಣ್ಣದ ವಿದೇಶಿ ತಾಣ ಒಂದನ್ನೇ ತೋರಿಸಿದರೆ ನಾವು ಹುಡುಗನನ್ನು ಬೇರೆ ಯಾವುದೋ ಊರಿನ ಅಂಗಡಿಗೆ ತಯಾರು ಮಾಡಿದಂತೆ.

ಪಠ್ಯಕ್ರಮದಲ್ಲಿ ಇದಕ್ಕೆ ಜಾಗ ಎಷ್ಟಿದೆ ಗೊತ್ತೇ? ಎರಡನೇ ಸೆಮಿಸ್ಟರಿನ ಕಂಪ್ಯೂಟರ್ ಪ್ರಾಯೋಗಿಕದಲ್ಲಿ, ಒಂದು ಔಷಧದ ಮಾಹಿತಿ ಮತ್ತು ಅಡ್ಡಪರಿಣಾಮಗಳನ್ನು ಆನ್‌ಲೈನ್ ಸಾಧನಗಳಿಂದ ಹುಡುಕಿ ತೆಗೆಯಿರಿ ಎಂಬ ಒಂದು ಅಭ್ಯಾಸ ಇದೆ. ಮೇಲಿಂಗ್ ಲೇಬಲ್ ತಯಾರಿಸುವುದು ಹೇಗೆ ಎಂಬ ಅಭ್ಯಾಸದ ಪಕ್ಕದಲ್ಲೇ! ಆ ಹೊತ್ತಿಗೆ ಹುಡುಗನಿಗೆ ಇನ್ನೂ ಫಾರ್ಮಕಾಲಜಿಯ ಗಂಧ ಇರುವುದಿಲ್ಲ. ಈ ಹುಡುಕಾಟ ಏಳನೇ ಸೆಮಿಸ್ಟರಿನಲ್ಲಿ, ಫಾರ್ಮಸಿ ಪ್ರಾಕ್ಟೀಸ್ ಪಾಠದ ಜತೆಗೆ ಬರಬೇಕಾದ ಕೆಲಸ. ಕೈಯಲ್ಲಿ ನಿಜವಾದ ಸ್ಟ್ರಿಪ್ ಇರಬೇಕು, ಮುಂದೆ ಎರಡು ತಾಣ ತೆರೆದಿರಬೇಕು, ಎರಡೂ ಬೇರೆ ಬೇರೆ ಹೇಳಿದಾಗ ಯಾವುದನ್ನು ನಂಬಬೇಕು ಎಂದು ವಾದಿಸಬೇಕು. ಈಗ ಕೃತಕ ಬುದ್ಧಿಮತ್ತೆಯ ಚಾಟ್ ಬೇರೆ ಬಂದಿದೆ. ಡೋಸ್ ಕೇಳಿದರೆ ಅದು ಎಂದೂ ತಡವರಿಸುವುದಿಲ್ಲ, ನನಗೆ ಹೆದರಿಕೆ ಹುಟ್ಟಿಸುವುದೂ ಅದೇ.

ಹೊಸೂರಿನಲ್ಲಿ ನಿಂತು ಕಾರ್ಖಾನೆಯ ಮಾತಾಡದೆ ಇರಲಾಗದು. 1970ರ ದಶಕದಿಂದ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆದ ಊರು ಇದು. ಮೈಕ್ರೋ ಲ್ಯಾಬ್ಸ್‌ನಂಥ ಔಷಧ ಕಂಪನಿಗಳ ಘಟಕಗಳು ಇಲ್ಲಿವೆ, ಫಾರ್ಮಸಿ ಓದಿದ ಅನೇಕರಿಗೆ ಮೊದಲ ಸಂಬಳ ಅಲ್ಲಿಂದಲೇ. ಉತ್ತಮ ಉತ್ಪಾದನಾ ಕ್ರಮ ಹೇಳುವ ಶೆಡ್ಯೂಲ್ ಎಂ ಅನ್ನು 2023ರ ಡಿಸೆಂಬರ್ 28ರ ಅಧಿಸೂಚನೆ ಪೂರ್ತಿ ಹೊಸದಾಗಿ ಬರೆಯಿತು. ಅದಕ್ಕಿಂತ ಹಳೆಯ ಗೈಡ್ ಹಿಡಿದು ಇಂಟರ್‌ವ್ಯೂಗೆ ಹೋದವನು ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಆದರೆ ಇದಕ್ಕಿಂತ ದೊಡ್ಡ ಪಾಠಪುಸ್ತಕ ಒಂದು ಬಿಟ್ಟಿಯಾಗಿ ಬಿದ್ದಿದೆ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಜಾಲತಾಣದಲ್ಲಿ ಹಾಕುವ ಎಚ್ಚರಿಕೆ ಪತ್ರಗಳು. ತಪಾಸಣೆಗೆ ಹೋದವರು ಏನು ಕಂಡರು, ಕಂಪನಿ ಕೊಟ್ಟ ಉತ್ತರ ಏಕೆ ಸಾಲದು ಎಂದು ಬಿಡಿಸಿ ಬರೆದಿರುತ್ತಾರೆ. ವ್ಯಾಪಾರದ ಗುಟ್ಟುಗಳನ್ನಷ್ಟೇ ಮರೆಮಾಡಿರುತ್ತಾರೆ. ಫಲಿತಾಂಶ ಸರಿಬರುವವರೆಗೆ ಪರೀಕ್ಷೆ ಮರುಮಾಡುವುದು, ಹಿಂದಿನ ತಾರೀಖು ಹಾಕಿ ಸಹಿ ಮಾಡುವುದು, ದಾಖಲೆಯ ಹಾಳೆ ಹರಿದು ಕಸಕ್ಕೆ ಹಾಕುವುದು, ಎಲ್ಲವೂ ಅಲ್ಲಿ ಬರುತ್ತದೆ. ಪತ್ತೇದಾರಿ ಕಾದಂಬರಿಯ ರುಚಿ ಹತ್ತಿದವರಿಗೆ ನಾನು ಇವನ್ನೇ ಓದಲು ಹೇಳುತ್ತೇನೆ.

ಕಾರ್ಖಾನೆಯ ತಪ್ಪು ಜೀವವನ್ನೂ ತೆಗೆಯುತ್ತದೆ. ಡೈಎಥಿಲೀನ್ ಗ್ಲೈಕಾಲ್ ವಿಷವನ್ನು ನಾವು 1937ರ ಅಮೆರಿಕದ ಕತೆಯಾಗಿ ಕಲಿಸುತ್ತಿದ್ದೆವು. ಅದು ಬೆರೆತ ಸಲ್ಫಾನಿಲಮೈಡ್ ಎಲಿಕ್ಸಿರ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಮರುವರ್ಷ ಅಲ್ಲಿ ಹೊಸ ಕಾಯಿದೆ ಬಂತು ಎಂದು ಹೇಳಿ ಪಾಠ ಮುಗಿಸುತ್ತಿದ್ದೆವು. 2025ರ ಅಕ್ಟೋಬರ್‌ನಲ್ಲಿ ಅದು ಹಳೆಯ ಕತೆಯಾಗಿ ಉಳಿಯಲಿಲ್ಲ. ಇದೇ ರಾಜ್ಯದ ಕಾಂಚೀಪುರ ಜಿಲ್ಲೆಯಲ್ಲಿ ತಯಾರಾದ ಕೆಮ್ಮಿನ ಸಿರಪ್ ಕುಡಿದು ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ತಮಿಳುನಾಡು ಔಷಧ ನಿಯಂತ್ರಣ ಇಲಾಖೆಯ ಪರೀಕ್ಷೆಯಲ್ಲಿ ಆ ಬ್ಯಾಚಿನಲ್ಲಿ ಸಿಕ್ಕ ಅದೇ ವಿಷದ ಪ್ರಮಾಣ ಶೇ 48.6. ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ ಅದೇ ತಿಂಗಳಲ್ಲಿ ಜಾಲದಲ್ಲಿತ್ತು. ಯಾವ ಪಠ್ಯಪುಸ್ತಕವೂ ಇದನ್ನು ಅಷ್ಟು ಬೇಗ ತರಗತಿಗೆ ತರಲಾರದು. ಆ ವಾರ ಬೇರೆ ಪಾಠ ನಿಲ್ಲಿಸಿ ಇದನ್ನೇ ಓದಿಸದ ಅಧ್ಯಾಪಕರು ಫಾರ್ಮಸಿ ಕಲಿಸುವುದೇಕೆ ಎಂದು ನನಗೆ ಅರ್ಥವಾಗುವುದಿಲ್ಲ.

ದುಡ್ಡಿನ ಮಾತು ಚುಟುಕಾಗಿ. ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಕಟ್ಟಿ ಸದಸ್ಯ ಕಾಲೇಜುಗಳಿಗೆಲ್ಲ ದುಬಾರಿ ಪತ್ರಿಕೆಗಳನ್ನು ಹಂಚಿತು. ದೊಡ್ಡ ಕೆಲಸ. ಆದರೆ ಪದವಿ ಮುಗಿಸಿ ಹೊರಬಿದ್ದ ಮೇಲೆ ಲಾಗಿನ್ ಇಲ್ಲ. ಕೆಳಮಂಗಲದಲ್ಲಿ ಅಂಗಡಿ ಇಟ್ಟವನಿಗೆ ಉಳಿಯುವುದು ಬಿಟ್ಟಿ ಸಿಗುವ ತಾಣಗಳು ಮಾತ್ರ. ಆದ್ದರಿಂದ ಕಾಲೇಜಿನಲ್ಲಿದ್ದಾಗಲೇ ಅವುಗಳ ಅಭ್ಯಾಸ ಹಿಡಿಸುವುದು ಜಾಣತನ. ಎನ್‌ಪಿಟಿಇಎಲ್, 2017ರಿಂದ ಇರುವ ಸ್ವಯಂ, ಈ ಆನ್‌ಲೈನ್ ಪಾಠತಾಣಗಳ ಉಪನ್ಯಾಸಗಳು ಒಳ್ಳೆಯವು, ನಿದ್ದೆಯೂ ಬರುತ್ತದೆ. ಹುಡುಗರು ನಿಜವಾಗಿ ನೋಡುವುದು ಪರೀಕ್ಷೆಯ ಹಿಂದಿನ ರಾತ್ರಿ ಯೂಟ್ಯೂಬಿನಲ್ಲಿ ಯಾರೋ ಬೋರ್ಡಿನ ಮೇಲೆ ಬರೆದು ಮುಗಿಸುವ ಹದಿನೈದು ನಿಮಿಷದ ಪಾಠ. ಅದು ಪಾಸು ಮಾಡಿಸುತ್ತದೆ, ಸುಮ್ಮನೆ ಬೈದು ಫಲವಿಲ್ಲ.

ಈಗ ಕೌಂಟರಿಗೆ ಬರುತ್ತೇನೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕೆಲಸವೆಂದೇ ಹೇಳುತ್ತದೆ. ಹೇಳುವುದು ಯಾವ ಮಾತಿನಲ್ಲಿ?

ಗಡಿಯ ಈಚೆಗಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ತರಬೇತಿಗೆ ನಿಂತಿದ್ದ ಹುಡುಗಿಯನ್ನು ನೋಡಲು ಹೋಗಿದ್ದೆ. ದಮ್ಮಿನ ಅಜ್ಜಿಯೊಬ್ಬರು ರೋಟಾಕ್ಯಾಪ್ ತಗೊಳ್ಳಲು ಬಂದರು. ಡಬ್ಬಿ ತೆಗೆದುಕೊಟ್ಟು ದುಡ್ಡು ಎಣಿಸಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಹುಡುಗಿ ಕೇಳಿದಳು, "ಅಜ್ಜೀ, ಇದನ್ನ ಹೆಂಗೆ ತಗೊಳ್ತೀರಾ, ಒಂದ್ಸಲ ತೋರ್ಸಿ."

"ಹೆಂಗೆ ಅಂದ್ರೆ? ಬಿಸಿನೀರಾಗೆ ನುಂಗ್ತೀನಿ ಕಣಮ್ಮ. ಆದ್ರೂ ದಮ್ಮು ಒಂಚೂರೂ ಇಳ್ದಿಲ್ಲ."

"ಅದ್ರ ಜತೆ ಒಂದು ಯಂತ್ರ ಕೊಟ್ಟಿದ್ರಲ್ಲ?"

"ಅದಾ? ಮೊಮ್ಮಗ ಆಟ ಆಡ್ತವ್ನೆ."

ಹುಡುಗಿ ನಗಲಿಲ್ಲ. ಅಂಗಡಿಯಲ್ಲಿ ತೋರಿಸಲೆಂದು ಇಟ್ಟಿದ್ದ ರೋಟಾಹೇಲರ್ ತಂದಳು. ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಬರುವಂತೆ ತೂತಿಗೆ ಸಿಕ್ಕಿಸಿ, ಬುಡವನ್ನು ತಿರುಗಿಸಿ, ಒಳಗೆ ಅದು ಎರಡಾಗಿ ಬಿಚ್ಚಿಕೊಂಡದ್ದನ್ನು ತೋರಿಸಿದಳು. "ಇದು ಹೊಟ್ಟೆಗಲ್ಲ ಅಜ್ಜೀ, ಎದೆಗೆ. ಮೊದ್ಲು ಉಸಿರು ಪೂರ್ತಿ ಆಚೆ ಬಿಡಿ. ಆಮೇಲೆ ಬಾಯಾಗೆ ಇಟ್ಕೊಂಡು ಜೋರಾಗಿ ಎಳ್ಕೊಳ್ಳಿ. ಹತ್ತು ಎಣ್ಸೋವರ್ಗೂ ಹಿಡ್ಕೊಳ್ಳಿ." ಪುಡಿಯ ಜತೆ ಲ್ಯಾಕ್ಟೋಸ್ ಬೆರೆಸಿರುವುದರಿಂದ ನಾಲಿಗೆಗೆ ಕೊಂಚ ಸಿಹಿ ತಗಲುತ್ತದೆ ಎಂಬುದನ್ನೂ ಹೇಳಿದಳು. ಅದರಲ್ಲಿ ಸ್ಟೆರಾಯ್ಡ್ ಇದ್ದುದರಿಂದ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣಾಗುತ್ತದೆ ಎಂದು ಎರಡು ಸಲ ಹೇಳಿ, ಅಜ್ಜಿಯ ಬಾಯಿಂದ ಒಮ್ಮೆ ಹೇಳಿಸಿದಳು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರಿಗೆ ತೆಲುಗಿನಲ್ಲಿ, ಅಂಗಡಿಯ ಯಜಮಾನರಿಗೆ ತಮಿಳಿನಲ್ಲಿ ಉತ್ತರ ಕೊಡುತ್ತಲೇ ಇಷ್ಟೂ ಮುಗಿಯಿತು.

ಈ ಹುಡುಗಿ ಕಲಿತ ಆಸ್ತಮಾ ಪಾಠದ ವಿಡಿಯೋಗಳು ಇಂಗ್ಲಿಷಿನವು, ಅವುಗಳಲ್ಲಿದ್ದ ಸಾಧನವೇ ಬೇರೆ. ಇನ್‌ಹೇಲರ್ ಕಂಪನಿಗಳು ಮಾಡಿಸಿದ ಭಾರತೀಯ ವಿಡಿಯೋಗಳು ಇಲ್ಲದಿಲ್ಲ, ಅವು ತಮ್ಮ ಸಾಧನದ ಮಟ್ಟಿಗೆ ಸರಿ. ಕ್ಯಾಪ್ಸೂಲನ್ನು ನುಂಗುವವರೂ ಇರುತ್ತಾರೆ ಎಂದು ಊಹಿಸಿ, ಮೊದಲು ನೀವು ತೋರಿಸಿ ಎಂದು ಕೇಳುವ ಪಾಠ ಎಲ್ಲೂ ಇರಲಿಲ್ಲ. ಅದು ಅವಳ ಊರಿನ ಬುದ್ಧಿ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್: ಈ ಸೀಮೆಯ ಮಕ್ಕಳ ಭಾಷೆಯ ಪಾಡಿನ ಬಗ್ಗೆ, 2006ರ ತಮಿಳು ಕಲಿಕೆ ಕಾಯಿದೆಯ ಬಗ್ಗೆ, ಕನ್ನಡ ಶಾಲೆಗಳ ಬಗ್ಗೆ ಇದೇ ಸಭೆಗಳಲ್ಲಿ ಬಹಳ ಕೇಳಿದ್ದೇವೆ, ಕೇಳಬೇಕಾದದ್ದೇ. ಔಷಧದ ಕೌಂಟರಿನ ಹಿಂದೆ ನಿಂತಾಗ ಮಾತ್ರ ಅದೇ ಮಕ್ಕಳು ಬೆಂಗಳೂರಿನವರಿಗಿಂತಲೂ ಚೆನ್ನೈನವರಿಗಿಂತಲೂ ಒಂದು ಕೈ ಮೇಲು.

ಆದ್ದರಿಂದ ಈ ಕಡೆಯಿಂದ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲೇಜುಗಳಿಗೆ ನನ್ನ ಒಂದು ಕೋರಿಕೆ. ಬಿ.ಫಾರ್ಮ್‌ನಲ್ಲಿ ಬಹುಪಾಲು ಥಿಯರಿ ವಿಷಯಗಳಿಗೆ ನಿರಂತರ ಮೌಲ್ಯಮಾಪನದ 10 ಅಂಕಗಳಿವೆ. ಅದರಲ್ಲಿ ಕ್ವಿಜ್, ಅಸೈನ್‌ಮೆಂಟ್, ಸೆಮಿನಾರ್ ಇಂಥವಕ್ಕೆ 3. ಈಗ ಆ 3 ಅಂಕಕ್ಕೆ ಹುಡುಗರು ಜಾಲದಿಂದ ಇಳಿಸಿದ್ದನ್ನು ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಮಾಡಿಸಿ ಕೊಡುತ್ತಾರೆ, ಅದು ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುತ್ತದೆ. ಅದರ ಬದಲು ಎರಡು ನಿಮಿಷದ ಒಂದು ಧ್ವನಿಮುದ್ರಣ ಮಾಡಿಸಿ. ಒಂದೇ ಮದ್ದು, ಒಂದೇ ವಿಷಯ, ಕನ್ನಡ, ತೆಲುಗು, ತಮಿಳು ಮೂರರಲ್ಲೂ. ಯಾವುದರಿಂದ ಶುರು ಎಂದು ಕೇಳಿದರೆ ನಾನು ಮೆಥೊಟ್ರೆಕ್ಸೇಟ್ ಎನ್ನುತ್ತೇನೆ. ಕೀಲುವಾತಕ್ಕೆ ಅದನ್ನು ಕೊಡುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಮೂಳೆಮಜ್ಜೆ ಕುಗ್ಗಿ ಜೀವಕ್ಕೇ ಬರುತ್ತದೆ. ವಾರದ ಯಾವ ದಿನ ಎಂದು ರೋಗಿಯ ಬಾಯಲ್ಲೇ ಹೇಳಿಸಿ ಚೀಟಿಯ ಮೇಲೆ ದೊಡ್ಡದಾಗಿ ಬರೆಯಬೇಕು. ಆಮೇಲೆ ರೋಟಾಕ್ಯಾಪ್. ಆಮೇಲೆ ಮಕ್ಕಳ ಆಂಟಿಬಯಾಟಿಕ್ ಡ್ರೈ ಸಿರಪ್: ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕುಲುಕುವುದು, ಲೇಬಲ್ ಹೇಳಿದಷ್ಟು ದಿನ ಮುಗಿದ ಮೇಲೆ ಉಳಿದದ್ದನ್ನು ಎತ್ತಿಡದೆ ಚೆಲ್ಲುವುದು. ಓಆರ್‌ಎಸ್ ಪೊಟ್ಟಣದಲ್ಲಿ ಒಂದು ಲೀಟರಿನದೂ ಉಂಟು, 200 ಮಿಲಿಯದೂ ಉಂಟು. ದೊಡ್ಡದನ್ನು ಒಂದು ಲೋಟಕ್ಕೆ ಸುರಿಯುವವರು ಇದ್ದಾರೆ.

ಜಾಲದಲ್ಲಿ ಈಗಾಗಲೇ ಇದ್ದೂ ಯಾರ ಕೈಗೂ ತಲುಪದ ಒಂದು ವಸ್ತುವೂ ಇದೆ. 2010ರಲ್ಲಿ ಶುರುವಾದ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಮದ್ದಿನ ಅಡ್ಡಪರಿಣಾಮವನ್ನು ರೋಗಿಯೇ ಬರೆದು ಕಳುಹಿಸುವ ಫಾರಂ ಒಂದನ್ನು ಮಾಡಿದೆ; ಕನ್ನಡದಲ್ಲೂ ಇದೆ, ತಮಿಳು, ತೆಲುಗಿನಲ್ಲೂ ಇದೆ. ಬರೆಯಲು ಬಾರದವರಿಗೆ 1800-180-3024 ಎಂಬ ಬಿಟ್ಟಿ ಫೋನ್ ಇದೆ. ಇಲ್ಲಿಂದ ಹೋದ ವರದಿ ಗಾಜಿಯಾಬಾದ್ ಮೂಲಕ ಸ್ವೀಡನ್ನಿನ ಉಪ್ಸಾಲಾದ ಜಾಗತಿಕ ಸಂಗ್ರಹ ಸೇರುತ್ತದೆ. ತಳಿ ಊರಿನ ಒಬ್ಬ ರೈತನ ಮೈಮೇಲೆ ಎದ್ದ ದದ್ದು ಅಲ್ಲಿ ಒಂದು ದಾಖಲೆಯಾಗಬಲ್ಲದು. ಆ ಫಾರಮನ್ನು ಪ್ರಿಂಟ್ ತೆಗೆದು ನಿಮ್ಮ ನಿಮ್ಮ ಊರಿನ ಮೆಡಿಕಲ್ ಸ್ಟೋರಿನಲ್ಲಿ ತೂಗುಹಾಕಲು ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಕಿಲ್ಲ.

ಧ್ವನಿಮುದ್ರಣಗಳ ವಿಷಯದಲ್ಲಿ ಮಾತ್ರ ಒಂದು ಕಟ್ಟುನಿಟ್ಟು ಇರಲಿ. ಮೂರೂ ಭಾಷೆಯದನ್ನು ಆಯಾ ಭಾಷೆ ಬಲ್ಲ ಅಧ್ಯಾಪಕರು ಕೇಳಿ ಒಪ್ಪಬೇಕು. ಕೊನೆಯಲ್ಲಿ ತಯಾರಿಸಿದ ತಿಂಗಳು, ವರ್ಷ ಹೇಳಬೇಕು. ಎರಡು ವರ್ಷ ದಾಟಿದ್ದನ್ನು ಮುಂದಿನ ಬ್ಯಾಚಿನವರು ಮತ್ತೆ ಪರಿಶೀಲಿಸಿ, ನಿಯಮ ಬದಲಾಗಿದ್ದರೆ ಮುಲಾಜಿಲ್ಲದೆ ಅಳಿಸಬೇಕು. ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆಯವರು ಮನಸ್ಸು ಮಾಡಿದರೆ, ಮುಂದಿನ ವರ್ಷ ಉಪನ್ಯಾಸಕನ ಸಂಭಾವನೆಯನ್ನು ಆ ಮಕ್ಕಳ ಮೈಕಿಗೂ ಪ್ರಿಂಟಿಗೂ ಕೊಡಬಹುದು.